ಮಾಳಿಗೆಯ ಮೇಲಿನ ಮಣ್ಣು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ಸೂರನ್ನು. ಚಪ್ಪಲಿ ಬಿಟ್ಟು ಹೊಸ್ತಿಲು ದಾಟುವಷ್ಟರಲ್ಲಿ ಕಣ್ಣು ತಾನಾಗಿ ಮೇಲೆ ಹೋಗಿರುತ್ತದೆ. ಎಲ್ಲಿ ಬಿರುಕು, ಎಲ್ಲಿ ನೀರಿನ ಕಲೆ, ಫ್ಯಾನಿನ ಕೊಕ್ಕೆಗೆ ಎಷ್ಟು ತುಕ್ಕು ಹಿಡಿದಿದೆ, ಎಲ್ಲ ನೋಡಿಕೊಂಡ ಮೇಲೆಯೇ ಕೂರುವ ಜಾಗ ಆರಿಸುತ್ತೇನೆ. ಮದುವೆಯಾಗಿ ಕಮಲಾಪುರದ ಮನೆಗೆ ಕಾಲಿಟ್ಟ ದಿನವೂ ಹಾಗೇ ಆಯಿತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾನು ಮೇಲಿನ ಜಂತಿಗಳನ್ನು ನೋಡುತ್ತಾ ಅದನ್ನು ಎಡವಿದೆ. ಹೊಸ ಸೊಸೆ ಸೇರನ್ನು ಒದ್ದೇ ಒಳಗೆ ಬರಬೇಕಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನನ್ನ ಗಂಡನಿಗೆ ಮಾತ್ರ. ಅದನ್ನು ಅವರು ಇವತ್ತಿಗೂ ಬಂದವರೆದುರು ಹೇಳಿಕೊಂಡು ನಗುತ್ತಾರೆ.

ನಗಲಿ. ನಾನು ಕಂಡದ್ದನ್ನು ಅವರು ಕಂಡಿಲ್ಲ.

ನನ್ನ ತವರು ಕುಸನೂರ. ಈಗ ಅದು ನಾವಿರುವ ಶಹರದೊಳಗೆ ಕರಗಿಹೋಗಿದೆ. ನಾನು ಚಿಕ್ಕವಳಿದ್ದಾಗ ಜೋಳದ ಹೊಲಗಳ ನಡುವಿನ ಹಳ್ಳಿ. ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಕಲ್ಲುಗೋಡೆಯ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ಮೊಣಕಾಲುದ್ದ ಮಣ್ಣು. ಬೇಸಿಗೆಯಲ್ಲಿ ಅಂಥ ತಂಪು ಇನ್ನಾವ ಮನೆಯಲ್ಲೂ ಸಿಗದು. ಒಂದು ಮಳೆಗಾಲದಲ್ಲಿ ಜಡಿಮಳೆ ಹಿಡಿದು ಪಕ್ಕದ ಮನೆಯ ಮಾಳಿಗೆ ಕುಸಿಯಿತು. ಆ ಮನೆಯ ಅಜ್ಜಿ ನನಗೆ ದಿನಾಲೂ ಹುರಿದ ಶೇಂಗಾ ಕೊಡುತ್ತಿದ್ದಳು. ಗಂಡಸರು ಸಲಿಕೆ ಹಿಡಿದು ಮಣ್ಣು ಎಳೆಯುತ್ತಿದ್ದಾಗ ನಾನು ನಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಆ ಗದ್ದಲದಲ್ಲಿ ನನ್ನನ್ನು ಒಳಗೆ ಕರೆದುಕೊಂಡು ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೊದಲು ಕಂಡದ್ದು ಅವಳ ಹಸಿರು ಬಳೆ. ಬಳೆ ಒಡೆದಿರಲಿಲ್ಲ. ನನಗೆ ಈಗಲೂ ನೆನಪಾಗುವುದು ಅದೇ.

ಈಚೆಗೆ ಒಂದು ಬೇಸಿಗೆಯಲ್ಲಿ ನನ್ನ ಮಗಳು ಚೊಚ್ಚಿಲು ಬಸುರಿಯಾಗಿ ಸೊಲ್ಲಾಪುರದಿಂದ ತವರಿಗೆ ಬಂದಳು. ಅವಳು ಅಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಸೂರಿಗೆ ಹೆದರುವ ತಾಯಿಯ ಹೊಟ್ಟೆಯಲ್ಲಿ ಸೂರು ಬರೆಯುವ ಮಗಳು ಹುಟ್ಟಿದ್ದನ್ನು ಗಂಡ ತಮ್ಮ ಪುಣ್ಯಕ್ಕೆ ಹಚ್ಚಿಕೊಳ್ಳುತ್ತಾರೆ. ಡಾಕ್ಟರು ದಿನಾ ನಡೆಯಬೇಕೆಂದು ಹೇಳಿದ್ದರು. ನಾವಿರುವ ಜೇವರ್ಗಿ ಕಾಲೋನಿಯಲ್ಲಿ ಬೆಳಗಾದರೆ ಟ್ಯೂಷನ್ನಿಗೆ ಮಕ್ಕಳನ್ನು ಬಿಡುವವರ ಗಾಡಿಗಳು, ಪೈಪಿಗೆ ಅಗೆದು ಬಿಟ್ಟ ಗುಂಡಿಗಳು. ಅಲ್ಲಿ ಏನು ನಡೆಯುವುದು, ಬಾ ಹಳೆಯ ಕಟ್ಟಡಗಳ ಹತ್ತಿರ ಹೋಗೋಣ, ಹುಟ್ಟಿ ಬೆಳೆದ ಊರನ್ನೇ ಸರಿಯಾಗಿ ನೋಡಿಲ್ಲ ಎಂದು ಮಗಳು ಹಟ ಹಿಡಿದಳು. ನಾನು ಕಲಿಸುವ ಶಾಲೆಗೆ ರಜೆಯಿತ್ತು. ಏಳು ತಿಂಗಳ ಬಸುರಿಯನ್ನು ಒಬ್ಬಳನ್ನೇ ಕಳಿಸಲು ಎದೆಯಿಲ್ಲದೆ ನಾನೂ ಹೊರಟೆ.

ಮೊದಲು ಕೋಟೆಗೆ ಹೋದೆವು. ಕಂದಕದ ಹಸಿರು ನೀರಿನ ಪಕ್ಕದಲ್ಲಿ ಅವಳ ಕಾಲು ಜಾರಿದರೆ ಎಂಬುದೇ ನನ್ನ ಚಿಂತೆ. ಒಳಗಿನ ದೊಡ್ಡ ಮಸೀದಿಯನ್ನು ನಾನು ಹೊರಗಿನಿಂದ ಎಷ್ಟೋ ಸಲ ನೋಡಿದ್ದೆ, ಒಳಗೆ ಹೋಗಿರಲಿಲ್ಲ. ಬೇರೆ ಮಸೀದಿಗಳಿಗಿರುವ ಬಯಲು ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಸೂರು. ಸ್ಪೇನ್ ದೇಶದ ಯಾವುದೋ ಹಳೆಯ ಮಸೀದಿಯಂತೆ ಕಟ್ಟಿದ್ದಾರೆ ಎನ್ನುವವರುಂಟು, ಮಗಳು ಅದನ್ನು ಒಪ್ಪುವುದಿಲ್ಲ. ಕುಳ್ಳ ಕಂಬಗಳ ಮೇಲಿಂದ ಎದ್ದ ಕಮಾನುಗಳು ಅಗಲವಾಗಿ ಕೈ ಚಾಚಿಕೊಂಡು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ನಾನು ಬಾಗಿಲ ಬಳಿಯೇ ನಿಂತೆ. ಅಷ್ಟು ಕಲ್ಲು, ಅಷ್ಟು ಗಚ್ಚು, ನಡುವೆ ಹಿಡಿದುಕೊಳ್ಳಲು ಒಂದು ತೊಲೆಯೂ ಇಲ್ಲ.

ಮಗಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಂದು ಕಮಾನಿನ ಕೆಳಗೆ ನಿಲ್ಲಿಸಿದಳು. "ಅವ್ವಾ, ಮ್ಯಾಲ ಏನದ ಅಂತ ನೋಡಬ್ಯಾಡ. ಭಾರ ಎಲ್ಲಿ ಹೋಗ್ತದ ನೋಡು. ಕಮಾನಿನ ಭಾರ ಎರಡೂ ಕಡಿ ಹರದು ಕಂಬಕ್ಕ ಇಳಿತದ, ಕಂಬದಿಂದ ನೆಲಕ್ಕ. ಭಾರಕ್ಕ ದಾರಿ ಇದ್ರ ಕಟ್ಟಡ ನಿಂದರ್ತದ."

ಆಮೇಲೆ ಹಫ್ತ್ ಗುಂಬಜ್. ರಾಜರ ಗೋರಿಗಳಂತೆ. ಗೋಡೆಗಳು ಆಳುದ್ದ ದಪ್ಪ, ಮೇಲೆ ಹೋದ ಹಾಗೆ ಚೂರು ಒಳಕ್ಕೆ ಬಾಗಿದವು. ಗುಮ್ಮಟದ ಕೆಳಗೆ ಮಗಳು ಕೆಮ್ಮಿದಳು. ಆ ಕೆಮ್ಮು ಮೇಲೆ ಹೋಗಿ, ಸುತ್ತಿ, ಬೇರೆ ಯಾರದೋ ದನಿಯಾಗಿ ವಾಪಸು ಬಂತು. ಎಲ್ಲೋ ಬಾವಲಿಯೊಂದು ಪಟಪಟ ಎಂದಿತು. ನಾನು ಅವಳ ರಟ್ಟೆ ಹಿಡಿದು ದರದರನೆ ಹೊರಗೆ ಎಳೆದುಕೊಂಡು ಬಂದೆ. ಬಿಸಿಲಿಗೆ ಬಂದ ಮೇಲೆ ಬಸುರಿಯನ್ನು ಹಾಗೆ ಎಳೆದೆನಲ್ಲ ಎಂದು ಮತ್ತೆ ಹೆದರಿದೆ. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೀಗೆ ಊರೆಲ್ಲ ಸುತ್ತಿದೆವು. ಬಜಾರಿನ ಓಣಿಗಳಲ್ಲಿ ನಿಜಾಮರ ಕಾಲದ ಮನೆಗಳು, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕೆತ್ತನೆಯ ಕಟ್ಟಿಗೆಯ ಸಜ್ಜಾ, ಅದರ ಸಂದಿನಿಂದ ಹೊರಟ ಅರಳಿ ಗಿಡ. ಅರಳಿಯ ಬೇರು ಗೋಡೆಯನ್ನು ಏನು ಮಾಡುತ್ತದೆಂದು ನನಗೆ ಗೊತ್ತು, ಆದ್ದರಿಂದ ಅಲ್ಲಿ ನಾವು ರಸ್ತೆಯ ನಡುವೆಯೇ ನಡೆದೆವು, ಆಟೋದವರಿಂದ ಬೈಸಿಕೊಂಡೆವು. ಖೂಬಾ ಪ್ಲಾಟಿನ ಒಂದು ಹಳೆಯ ಬಂಗಲೆಗೆ ಕಬ್ಬಿಣದ ಗರ್ಡರುಗಳ ಮೇಲೆ ಶಹಾಬಾದಿ ಫರಸಿ ಹಾಸಿ ಸೂರು ಮಾಡಿದ್ದರು. ನೆಲಕ್ಕೆ ಹಾಕುವ ಕಲ್ಲನ್ನೇ ತಲೆಯ ಮೇಲೂ ಹಾಕಿದ್ದಾರಲ್ಲ, ಎಂಥ ಜಾಣರು ಎಂದು ಮಗಳು ಹಿಗ್ಗಿದಳು. ನಾನು ಆ ಮನೆಯವರು ಕೊಟ್ಟ ಚಹಾವನ್ನು ಅಂಗಳದಲ್ಲೇ ನಿಂತು ಕುಡಿದೆ. ಒಂದು ಭಾನುವಾರ ಬುದ್ಧ ವಿಹಾರಕ್ಕೆ ಹೋದೆವು. ಬಿಳಿಯ ದೊಡ್ಡ ಗುಮ್ಮಟ, ತಣ್ಣನೆಯ ನೆಲ, ಬಿಳಿ ಬಟ್ಟೆ ತೊಟ್ಟು ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬಗಳು. ನಾವು ನೋಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಹೊಸದು, ಆದರೆ ಇದರ ಆಕಾರ ಎಲ್ಲಕ್ಕಿಂತ ಹಳೆಯದು ಎಂದಳು ಮಗಳು. ಅಲ್ಲಿ ಮಾತ್ರ ನಾನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತೆ.

ಆ ಓಡಾಟದಿಂದ ನನ್ನ ಹೆದರಿಕೆ ಕಡಿಮೆಯಾಯಿತೆಂದು ತಿಳಿಯಬೇಡಿ. ಅದು ಇನ್ನಷ್ಟು ಜಾಣವಾಯಿತು, ಅಷ್ಟೇ. ಮೊದಲು ಸೂರು ನೋಡುತ್ತಿದ್ದೆ. ಈಗ ಭಾರದ ದಾರಿಯನ್ನೂ ಹುಡುಕತೊಡಗಿದೆ.

ಶ್ರಾವಣದಲ್ಲಿ ಶಹರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಆಸ್ಪತ್ರೆಯಿಂದ ನಮ್ಮ ಮನೆಗೆ ಕರೆದುಕೊಂಡು ಹೋಗುವುದೆಂದು ನಾನು ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ನಮ್ಮ ಅತ್ತೆ ಒಂದೇ ಮಾತಿನಲ್ಲಿ ಅದನ್ನು ತೆಗೆದುಹಾಕಿದರು. ಮೇಲಿನ ಮಹಡಿಯ ಬಾಡಿಗೆ ಮನೆ, ನಾಲ್ಕೂ ಕಡೆ ಕಿಟಕಿ, ಪಕ್ಕದ ಸೈಟಿನಲ್ಲಿ ದಿನವಿಡೀ ಕೊರೆಯುವ ಯಂತ್ರ, ಅಲ್ಲಿ ಬಾಣಂತನ ಮಾಡುತ್ತಾರೆಯೇ? ಕಮಲಾಪುರದ ಮನೆಯಲ್ಲಿ ಬಾಣಂತಿಗೆಂದೇ ಒಂದು ಕೋಣೆಯಿದೆ. ನಡುಮನೆಯ ಹಿಂದೆ, ಕಿಟಕಿಯಿಲ್ಲದ್ದು. ಬೆಳಕಿಗೆ ಮಾಳಿಗೆಯಲ್ಲಿ ಒಂದು ಸಣ್ಣ ಗವಾಕ್ಷಿ ಮಾತ್ರ, ಮಳೆ ಬಂದರೆ ಅದನ್ನೂ ಮುಚ್ಚುತ್ತಾರೆ. ಅತ್ತೆ ತಮ್ಮ ಮಕ್ಕಳನ್ನೆಲ್ಲ ಹೆತ್ತದ್ದು ಅಲ್ಲಿ. ನನ್ನ ಮಗಳು ಹುಟ್ಟಿದಾಗ ನಾನು ಎಣ್ಣೆ ಹಚ್ಚಿಸಿಕೊಂಡು ಎರೆಸಿಕೊಂಡದ್ದೂ ಅಲ್ಲಿಯೇ. ಗಾಳಿ ಸುಳಿಯದ, ಬಾಣಂತಿಗೆ ಬೇಕಾದ ಹಾಗೆ ಬೆಚ್ಚಗಿರುವ ಕೋಣೆ. ಗಂಡ ತಾಯಿಯ ಮಾತಿಗೆ ಹೂಂ ಎಂದರು. ಮಗಳೂ ಒಪ್ಪಿದಳು. ನನ್ನದೊಂದೇ ಮತ ಏನಾಗುತ್ತದೆ?

ಕಮಲಾಪುರದ ಮನೆಯಲ್ಲಿ ಅತ್ತೆಯೊಂದಿಗೆ ಇರುವವನು ನನ್ನ ಮೈದುನ. ಬಾಳೆ ತೋಟ ಅವನದು. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಮಗಳನ್ನು ಎತ್ತಿ ಆಡಿಸಿದವನು, ಅವಳೆಂದರೆ ಅವನಿಗೆ ಜೀವ. ಕಾರಿನಿಂದ ಇಳಿಯುತ್ತಿದ್ದ ಹಾಗೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಮುಖವೆಲ್ಲ ಅರಳಿಸಿಕೊಂಡು ಮಾಳಿಗೆ ತೋರಿಸಿದ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಾಳಮಣ್ಣು ಎನ್ನುತ್ತಾರೆ, ಬೆಳ್ಳಗಿನ ಜಿಗುಟು ಮಣ್ಣು. ಅದನ್ನು ಹರಡಿ ತುಳಿದರೆ ಸೋರುವುದಿಲ್ಲ. ಹಳೆಯದನ್ನು ಯಾರೂ ಕೆರೆದು ತೆಗೆಯುವುದಿಲ್ಲ. ಅದರ ಮೇಲೆಯೇ ಇದು. ಮನೆಯ ಗಂಡಸು ಎಷ್ಟು ಮಣ್ಣು ಹಾಕಿಸಿದ ಎಂಬುದರ ಮೇಲೆ ಓಣಿಯಲ್ಲಿ ಅವನ ಕಾಳಜಿಯನ್ನು ಅಳೆಯುತ್ತಾರೆ. ಈ ಸಲ ಬಾಣಂತಿ ಬರುತ್ತಾಳೆಂದು ಮೈದುನ ಪ್ರತಿ ವರ್ಷ ಹಾಕುವವರಿಗೆ ಹೇಳದೆ ತಾನೇ ಬುಟ್ಟಿ ಹೊತ್ತು, ಆ ಕೋಣೆಯ ಮೇಲೆ ಎಂದಿಗಿಂತ ಎರಡರಷ್ಟು ಮಣ್ಣು ಹಾಕಿದ್ದ.

ಒಳಗೆ ಹೋಗಿ ನೋಡಿದೆ. ಕೋಣೆಯ ನಡುವಿನ ತೊಲೆ ಕೆಳಗೆ ಬಾಗಿ ಹೊಟ್ಟೆ ಬಿಟ್ಟಿತ್ತು. ಮೊದಲೂ ಹಾಗೇ ಇತ್ತೋ, ಈಗ ಆಯಿತೋ ಹೇಳುವವರಿಲ್ಲ. ಕೆಳಗೆ, ಸರಿಯಾಗಿ ಅದರ ಕೆಳಗೇ, ಬಾಣಂತಿಯ ಹೊರಸು. ಹೊರಸನ್ನು ಬಾಗಿಲ ಕಡೆ ಎಳೆಯೋಣವೆಂದೆ. ಬಾಗಿಲಿನಿಂದ ಗಾಳಿ ಬರುತ್ತದೆಂದು ಅತ್ತೆ ಬಿಡಲಿಲ್ಲ. ಭಾರ ಹೆಚ್ಚಾಗಿದೆ ಎಂದೆ. ಮೈದುನ ನಕ್ಕು, ಅವರಜ್ಜನ ಕಾಲದ ಮತ್ತಿ ಮರದ ತೊಲೆ ಅದು, ಆನೆ ನಿಂತರೂ ಏನಾಗುವುದಿಲ್ಲ ಎಂದ. ಗಂಡನಿಗೆ ಫೋನ್ ಮಾಡಿದರೆ ಸೇರಿನ ಕಥೆ ತೆಗೆದರು.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಜೋರು ಮಳೆಯಾದರೆ ಬಂದು ಹೋಗುತ್ತದೆ. ಇದು ಬಿಡದ ಜಿಟಿಜಿಟಿ. ಅಂಥ ಮಳೆಯನ್ನು ಮಣ್ಣು ಚೆನ್ನಾಗಿ ಕುಡಿಯುತ್ತದೆ. ಒಂದು ಹನಿಯೂ ಒಳಗೆ ಬೀಳಲಿಲ್ಲ, ಮೈದುನನ ಕೆಲಸ ಅಷ್ಟು ಚೊಕ್ಕ. ನೋಡಿರಿ ವೈನಿ, ಸೋರಿತೇನು ಎಂದು ದಿನಾ ಕೇಳುತ್ತಿದ್ದ. ಸೋರಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು ನನಗೆ. ಬಿದ್ದ ನೀರೆಲ್ಲ ಮೇಲಿನ ಮಣ್ಣಿನೊಳಗೇ ಕೂತು ಭಾರವಾಗುತ್ತಿತ್ತಲ್ಲ. ಊಟ ಸೇರುತ್ತಿರಲಿಲ್ಲ. ಹೊತ್ತು ಸಿಕ್ಕಾಗೆಲ್ಲ ಆ ಕೋಣೆಗೆ ಹೋಗಿ ಗೋಡೆಗೆ ಒರಗಿ, ಮೇಲೆ ನೋಡುತ್ತಾ ಕೂರುತ್ತಿದ್ದೆ. ನಾನು ನೋಡುತ್ತಾ ಇದ್ದರೆ ಅದು ಬೀಳುವುದಿಲ್ಲ ಎಂಬಂಥ ಹುಚ್ಚು ನಂಬಿಕೆ. ಬಾಣಂತನ ಮಾಡಲು ಬಂದವಳು ಜಂತಿ ಎಣಿಸುತ್ತ ಕೂತಿದ್ದಾಳೆಂದು ಅತ್ತೆ ಬಂದವರಿಗೆಲ್ಲ ಹೇಳಿದರು.

ನಡುವೆ ಶಾಲೆಯಿಂದ ಕರೆ ಬಂತು, ಎರಡು ದಿನದ ಮಟ್ಟಿಗೆ ನಾನು ಶಹರಕ್ಕೆ ಬರಲೇಬೇಕೆಂದು. ಹೋಗಿ ಬಾ, ನಿನಗೂ ಸ್ವಲ್ಪ ತಲೆ ತಣ್ಣಗಾಗುತ್ತದೆ ಎಂದರು ಎಲ್ಲರೂ. ಮಗಳೂ ಅದನ್ನೇ ಹೇಳಿದಳು. ಹೋಗಿ ಬಂದೆ. ಬಂದಾಗ ಮಳೆ ಹಾಗೇ ಇತ್ತು, ಮಾಳಿಗೆಯೂ ಹಾಗೇ ಇತ್ತು. ಮಗಳ ಕಣ್ಣ ಕೆಳಗೆ ಕಪ್ಪಾಗಿತ್ತು. ಕೂಸು ಮಲಗಲು ಬಿಡುತ್ತಿಲ್ಲವೆಂದಳು.

ಮರುದಿನ ಬೆಳಿಗ್ಗೆ ಅತ್ತೆ ಕೂಸಿಗೆ ಎರೆದು, ಅಜವಾನದ ಹೊಗೆ ಕೊಟ್ಟು, ಗಾಳಿ ಬರುತ್ತದೆ ಬಾಗಿಲು ಮುಚ್ಚು ಎಂದರು. ನಾನು ಬಾಗಿಲು ಎಳೆದೆ. ಅರ್ಧಕ್ಕೆ ನಿಂತಿತು. ಹಿಂದಿನ ಸಂಜೆ ಬೆರಳಲ್ಲಿ ದೂಡಿದರೆ ಮುಚ್ಚಿಕೊಂಡಿದ್ದ ಬಾಗಿಲು. ಮಳೆಗೆ ಕಟ್ಟಿಗೆ ಉಬ್ಬಿದೆ, ಜೋರಾಗಿ ಎಳೆ ಎಂದರು ಅತ್ತೆ. ಉಬ್ಬಿದ್ದರೆ ಬದಿಗೆ ಬಿಗಿಯಬೇಕು. ಬದಿಯಲ್ಲಿ ಬೆರಳು ತೂರುವಷ್ಟು ಸಂದಿತ್ತು. ಬಾಗಿಲ ನೆತ್ತಿಯೇ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಮೇಲಿನ ಪಟ್ಟಿ ನಡುವಿನಲ್ಲಿ ಬಗ್ಗಿ ಕೆಳಗೆ ಬಂದಿತ್ತು.

ಮೇಲಿನ ಭಾರ ದಾರಿ ಹುಡುಕುತ್ತಾ ಬಾಗಿಲಿಗೆ ಬಂದಿದೆ ಎಂದು ಆ ಕ್ಷಣಕ್ಕೆ ತಿಳಿಯಿತು. ಈ ಸಲ ನಾನು ಕುಸನೂರಿನ ಕಟ್ಟೆಯ ಮೇಲಿನ ಹುಡುಗಿಯ ಹಾಗೆ ನೋಡುತ್ತಾ ನಿಲ್ಲಲಿಲ್ಲ. ಅತ್ತೆಯ ತೊಡೆಯ ಮೇಲಿಂದ ಕೂಸನ್ನು ಎತ್ತಿಕೊಂಡೆ. ಮಗಳಿಗೆ ಏಳು ಎಂದೆ. ಅವಳು ಯಾಕೆಂದು ಕೇಳದೆ ಎದ್ದಳು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹಸಿ ಬಾಣಂತಿ ಅದಾಳ. ಈ ಗಾಳಿ ತಗಲಿದ್ರ ಜನ್ಮಪೂರ್ತಿ ನರಳ್ತಾಳ. ನಿನ್ನ ಹುಚ್ಚಿಗೆ ಮಗಳನ್ನ ಕೊಲ್ತಿ ಏನು?"

"ನೀವೂ ಹೊರಗ ಬರ್ರಿ, ಅತ್ತಿ," ಎಂದೆ. "ಬೈಯೂದು ಅಲ್ಲಿ ಬಂದು ಬೈರಿ."

ನನ್ನ ದನಿಯಲ್ಲಿ ಏನಿತ್ತೋ, ಬಂದರು. ಅಂಗಳದಾಚೆ ಬಾಳೆಗೊನೆ ಪೇರಿಸುವ ತಗಡಿನ ಶೆಡ್ಡಿತ್ತು. ಕೆಂಪು ಬಾಳೆಯ ಗೊನೆಗಳ ನಡುವೆ ಗೋಣಿಚೀಲ ಹಾಸಿ ಮಗಳನ್ನು ಕೂಡಿಸಿ, ಮೈತುಂಬ ಕಂಬಳಿ ಹೊದಿಸಿದೆ. ಅತ್ತೆ ನಾನು ಅಂದ ಹಾಗೆಯೇ ಅಲ್ಲಿ ಬಂದೂ ಬೈದರು. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ನನಗೆ ಅವರ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

ತೋಟದಿಂದ ಬಂದ ಮೈದುನ ಇದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ. ತಾನು ಹೊತ್ತು ಹಾಕಿದ ಮಣ್ಣಿನ ಕೆಳಗೆ ಬಾಣಂತಿಯನ್ನು ಇರಗೊಡುವುದಿಲ್ಲವೆಂದರೆ ಯಾರಿಗೆ ನೋವಾಗುವುದಿಲ್ಲ? ನಿಮ್ಮ ಸಮಾಧಾನಕ್ಕೆ ನೋಡುತ್ತೇನೆ ಎಂದು ಹಾರೆ ಹಿಡಿದು ಒಳಗೆ ಹೋದ. ಒಳಗೆ ಹೋಗಬೇಡ ಎಂದು ಅವನ ಅಂಗಿ ಹಿಡಿದೆ, ಬಿಡಿಸಿಕೊಂಡ. ನಾನು ನಡುಮನೆಯಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದೆ. ಸ್ಟೂಲು ಹತ್ತಿ, ತೊಲೆ ಗೋಡೆಯೊಳಗೆ ಸೇರುವಲ್ಲಿ ಗಿಲಾವು ಉದುರಿಸಿ, ಹಾರೆಯ ತುದಿಯನ್ನು ಮೆಲ್ಲಗೆ ತೊಲೆಗೆ ಒತ್ತಿದ. ಹಾರೆ ಹಿಟ್ಟಿನೊಳಗೆ ಹೋದ ಹಾಗೆ ಹೋಯಿತು. ಕಣ್ಣಿಗೆ ಕಾಣುವ ತೊಲೆಯೆಲ್ಲ ಗಟ್ಟಿ, ಗೋಡೆಯೊಳಗಿನ ತಲೆಯನ್ನು ಗೆದ್ದಲು ಪೂರ್ತಿ ತಿಂದಿತ್ತು. ಅಷ್ಟು ಮಣ್ಣು, ಅಷ್ಟು ನೀರು ಯಾವುದರ ಮೇಲೆ ನಿಂತಿತ್ತೋ ದೇವರೇ ಬಲ್ಲ. ಅವನು ಹಾರೆಯನ್ನು ಎಳೆಯಲೂ ಹೆದರಿ ಅಲ್ಲೇ ಬಿಟ್ಟು, ಬೆನ್ನು ತಿರುಗಿಸದೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊರಗೆ ಬಂದ.

ಮಾಳಿಗೆ ಬೀಳಲಿಲ್ಲ. ಮಳೆ ಬಿಟ್ಟ ದಿನ ಅವನೇ ಇಬ್ಬರು ಆಳುಗಳನ್ನು ಕರೆದುಕೊಂಡು, ಗೋಡೆಯ ಅಂಚಿನಿಂದ ಚೂರು ಚೂರಾಗಿ ಮಣ್ಣು ಇಳಿಸಿದ. ಕಡಿದಲ್ಲಿ ಪದರಗಳು ಕಂಡವು, ಬಿಳಿ, ಅದರ ಕೆಳಗೆ ಕಂದು, ಮತ್ತೆ ಬಿಳಿ. ಒಂದೊಂದು ಮಳೆಗಾಲಕ್ಕೆ ಒಂದೊಂದು. ಅತ್ತೆ ಅಂಗಳದಲ್ಲಿ ಕೂತು ನೋಡುತ್ತಿದ್ದರು. ಇದರಲ್ಲಿ ಅವರು ಹಾಕಿದ್ದು ಯಾವುದು ಎಂದು ಕೇಳಿದರು, ತೀರಿಕೊಂಡ ಮಾವನವರನ್ನು ನೆನೆದು. ಮೈದುನ ಆ ದಿನ ಊಟಕ್ಕೆ ಇಳಿದು ಬರಲಿಲ್ಲ. ನಾನು ರೊಟ್ಟಿ ಕಟ್ಟಿಕೊಂಡು ಏಣಿಯವರೆಗೆ ಹೋದೆ.

"ಕೂಸಿನ ಮ್ಯಾಲ ಒಂದ ಹನಿ ಬೀಳಬಾರದು ಅಂತ ಹಾಕಿದ್ದೆ, ವೈನಿ," ಎಂದ, ನನ್ನ ಮುಖ ನೋಡದೆ.

ನನಗೆ ಗೊತ್ತು ಎಂದೆ. ನಿಜವಾಗಿಯೂ ಗೊತ್ತಿತ್ತು. ಅದಕ್ಕೇ ಅಳು ಬಂತು.

ಬಾಣಂತಿಯನ್ನು ಜೇವರ್ಗಿ ಕಾಲೋನಿಗೆ ಕರೆತಂದೆವು. ಅತ್ತೆಯೂ ಜೊತೆಗೆ ಬಂದು, ಕಿಟಕಿಗಳಿಗೆಲ್ಲ ಹಳೆಯ ಚಾದರ ಕಟ್ಟಿಸಿದರು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಮಗಳು ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತದೆಯೇ ಮಾತು ತೆಗೆದಳು.

"ಆ ತೊಲಿ ಸಪ್ಪಳ ಮಾಡ್ತಿತ್ತು, ಅವ್ವಾ. ಮೊದಲನೇ ದಿನದಿಂದ ಕೇಳ್ತಿದ್ದೆ."

ಹೇಳಬಾರದಿತ್ತೇ ಎಂದೆ.

"ನಿನ್ನ ಹೆದರಿಕಿ ನನಗೂ ಅಂಟೇದ ಅಂತ ತಿಳ್ಕೊಂಡಿದ್ದೆ. ಕಾಕಾ ಅಷ್ಟು ಜೀವ ಹಚ್ಚಿ ಮಣ್ಣು ಹಾಕ್ಯಾನ, ಖಾತ್ರಿ ಇಲ್ಲದ ಏನಂತ ಹೇಳಲಿ? ನೀ ಬಂದು ಮ್ಯಾಲ ನೋಡಕೋತ ಕುಂತಾಗ ನನಗ ನಿದ್ದಿ ಹತ್ತತಿತ್ತು. ನೀ ನೋಡಾಕತ್ತೀ ಅಂತ ಧೈರ್ಯ. ನೀ ಎದ್ದು ಹೋದ್ರ ಕೂಸಿನ ಮ್ಯಾಲ ಬೋರಲ ಬಾಗಿ, ಮೊಣಕೈ ಊರಿ ಹಂಗ ಇರ್ತಿದ್ದೆ." ಕೂಸನ್ನು ತಿರುವಿ ಹಾಕಿ ಬೆನ್ನಿಗೆ ಎಣ್ಣೆ ಹಚ್ಚಿದಳು. "ನೀ ಶಹರಕ್ಕ ಬಂದ ಎರಡೂ ದಿನ ನಾ ಕಣ್ಣು ಮುಚ್ಚಿಲ್ಲ."

ಆ ಎರಡು ದಿನ ನಾನು ಇದೇ ಮನೆಯಲ್ಲಿ, ಎಲ್ಲರೂ ಹೇಳಿದ್ದಕ್ಕೆ ತಲೆಯಾಡಿಸಿ, ನನ್ನದು ಬರೀ ಭ್ರಮೆಯೆಂದು ಮನಸ್ಸಿಗೆ ಹೇಳಿಕೊಂಡು, ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದ್ದೆ.